ಕೊನೆಯ ಪೆರಿಕೋನ್ ಶಿಲುಬೆ

ಹೊತ್ತು ಮೂಡುವ ಮುಂಚೆಯೇ ಕ್ರಿಸ್ಪಿನಾ ಗುಡ್ಡದ ಇಳಿಜಾರಿನಲ್ಲಿ ಬಗ್ಗಿ ಪೆರಿಕೋನ್ ಹುಡುಕುತ್ತಿದ್ದಾರೆ. ಸೋಂಪಿನ ಪರಿಮಳದ ಈ ಪುಟ್ಟ ಹಳದಿ ಕಾಡುಹೂವು ಪ್ರತಿ ವರ್ಷ ಇಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಅರಳಿರುತ್ತದೆ. ಈ ಸಲ ಮಳೆ ತಡವಾಯಿತು. ಗಿಡವಿದೆ, ಹೂವಿಲ್ಲ. ಬುಟ್ಟಿಯ ತಳ ಇನ್ನೂ ಕಾಣುತ್ತಿದೆ.

"ಮೊಗ್ಗು ಆಗಲ್ಲ, ಅರಳಿದ್ದೇ ಬೇಕು. ಅವನು ಹೆದರೋದು ಹಳದಿಗೆ," ಎನ್ನುತ್ತಾರೆ, ಬಗ್ಗಿದ ಬೆನ್ನು ಎತ್ತದೆ.

ಅವನೆಂದರೆ ಸೈತಾನ. ಇಂದು ಸಂತ ಮಿಗೇಲನ ಹಬ್ಬದ ಮುನ್ನಾದಿನ. ಕತ್ತಲಾದರೆ ಸೈತಾನ ಊರು ಸುತ್ತಲು ಹೊರಡುತ್ತಾನೆ. ಅಷ್ಟರೊಳಗೆ ಮೊರೆಲೋಸ್ ಸೀಮೆಯ ಬಾಗಿಲು ಬಾಗಿಲಿಗೂ, ಮೆಕ್ಕೆಜೋಳದ ಹೊಲಗಳ ನಾಲ್ಕೂ ಮೂಲೆಗೂ ಪೆರಿಕೋನ್ ಶಿಲುಬೆ ಏರಬೇಕು. ಗುಡ್ಡ ಹತ್ತಲಾಗದವರಿಗೆಲ್ಲ ಕ್ರಿಸ್ಪಿನಾ ಕಟ್ಟಿದ್ದೇ ಗತಿ. ವರ್ಷವಿಡೀ ಸಂತೆಯಲ್ಲಿ ತಮಾಲೆ ಕಡುಬು ಬೇಯಿಸಿ ಮಾರುವ ಈ ವಿಧವೆ ಊರಿಗೆ ನೆನಪಾಗುವುದು ಇದೊಂದು ದಿನ. ಕಟ್ಟುವುದನ್ನು ಕಲಿಸಿದ ತಾಯಿ ಒಂದು ಕಟ್ಟಳೆಯನ್ನೂ ಹಾಕಿಕೊಟ್ಟಿದ್ದಾರೆ: ಕೊಯ್ದವರ ಬಾಗಿಲಿಗೆ ಕೊನೆಯ ಶಿಲುಬೆ.

ಈ ವರ್ಷ ಆ ಕಟ್ಟಳೆಯೇ ಅವರಿಗೆ ಕಷ್ಟವಾಗಿದೆ. ಮನೆಯಲ್ಲಿ ಮಗಳು ಎಲೋಯಿಸಾಳ ಹಸುಗೂಸಿದೆ, ಇನ್ನೂ ಜ್ಞಾನಸ್ನಾನವಾಗಿಲ್ಲ. ಅಂಥ ಕೂಸುಗಳ ಮೇಲೇ ಸೈತಾನನ ಕಣ್ಣು. "ಈ ಸಲ ಮೊದಲು ನಮ್ಮನೆಗೆ ಕಟ್ಟಮ್ಮಾ," ಎಂದು ಮಗಳು ನಸುಕಿನಲ್ಲೇ ಅತ್ತಿದ್ದಾಳೆ.

ಸಂಜೆ ಓಣಿ ಓಣಿ ಸುತ್ತಿ ಹಂಚಿದ ಮೇಲೆ ಕೈಯಲ್ಲಿ ಉಳಿದದ್ದು ಒಂದೇ ಶಿಲುಬೆ. ಕ್ರಿಸ್ಪಿನಾ ಮನೆಯತ್ತ ಓಡುನಡಿಗೆ ಹಾಕುತ್ತಾರೆ. ಊರಂಚಿನ ಹೊಲದ ಬೇಲಿ ಹಿಡಿದು ಮುದುಕ ಮೆಲಿತೋನ್ ನಿಂತಿದ್ದಾರೆ.

"ತಂಗೀ, ಮೂರು ಮೂಲೆಗೆ ಕಟ್ಟಿದೆ. ನಾಲ್ಕನೇದನ್ನ ಮೇಕೆ ತಿಂದ್ಹಾಕ್ತು ಕಣಮ್ಮಾ!"

"ನಿಮ್ಮ ಮೇಕೆಗೆ ಸೈತಾನನಿಗಿಂತ ಧೈರ್ಯ ಜಾಸ್ತಿ ಬಿಡಿ," ಎಂದು ರೇಗುತ್ತಾರೆ ಕ್ರಿಸ್ಪಿನಾ. ಆದರೆ ಕಾಲು ಮುಂದಕ್ಕೆ ಹೋಗುವುದಿಲ್ಲ. ಒಂದು ಮೂಲೆ ತೆರೆದಿದ್ದರೂ ಸಾಕು, ಒಳಹೊಕ್ಕವನು ಮೂರು ಶಿಲುಬೆಗಳ ನಡುವೆ ಸಿಕ್ಕಿಬಿದ್ದು ಬೆಳೆಯನ್ನೆಲ್ಲ ಹೊರಳಾಡಿ ಮಲಗಿಸುತ್ತಾನೆ. ಮುದುಕನ ವರ್ಷದ ಊಟ ಆ ಹೊಲದಲ್ಲಿದೆ. ಕೊಟ್ಟುಬಿಡುತ್ತಾರೆ.

"ಊರಿಗೆಲ್ಲ ಕಟ್ಟಿ ಮೊಮ್ಮಗಳನ್ನೇ ಬಿಟ್ಯಲ್ಲಮ್ಮಾ!" ಮನೆಗೆ ಬಂದ ತಾಯಿಯ ಬರಿಗೈ ಕಂಡ ಎಲೋಯಿಸಾ ಕೂಸನ್ನು ಎದೆಗವಚಿಕೊಂಡು ಒಳಗೆ ಹೋಗುತ್ತಾಳೆ.

ಕ್ರಿಸ್ಪಿನಾ ಪೆರಿಕೋನ್ ಘಮ ಹತ್ತಿದ ಕೈ ಕೂಡ ತೊಳೆಯದೆ, ಕುರ್ಚಿ ಎಳೆದು ಬೋಳು ಬಾಗಿಲಿಗೆ ಅಡ್ಡವಾಗಿ ಕೂರುತ್ತಾರೆ. ಹೊರಗೆ ಬೆಳಕು ಇಳಿಯುತ್ತಿದೆ. ಭಯವಾಗುವುದಿಲ್ಲವೇ ಎಂದು ಕೇಳಿದರೆ:

"ಆಗದೆ ಏನು? ಆದ್ರೆ ಇಷ್ಟು ವರ್ಷ ಬಾಗಿಲು ಬಾಗಿಲಲ್ಲೂ ಅವನನ್ನ ತಡೆದೋಳು ನಾನೇ ತಾನೆ? ಈ ಕೈ ವಾಸನೆ ಅವನಿಗೆ ಚೆನ್ನಾಗಿ ಗೊತ್ತಿರುತ್ತೆ."