ಹಳದಿ ಹರಳಿನ ತೂಕ

ತಂಗಿಗೆ ಕಿವಿ ಕೇಳದೆ ಅಂದಿಗೆ ಇಪ್ಪತ್ತಮೂರು ದಿನ. ಕಿವಿಯ ಹಿಂದೆ ಹಾಕುವ ಯಂತ್ರ ಕೆಟ್ಟಿತ್ತು. ರಿಪೇರಿ ಆಗದು, ಹೊಸದೇ ಬೇಕು ಎಂದು ಅಂಗಡಿಯವರು ಹೇಳಿದ್ದರು. ಅದನ್ನು ಕೊಳ್ಳಲು ಮನೆಯಲ್ಲಿ ಮಾರಬಹುದಾಗಿದ್ದದ್ದು ಒಂದೇ: ಹಡಗಿನಲ್ಲಿ ಅಡುಗೆಗಿದ್ದ ಸೋದರಮಾವ ತೀರಿಕೊಳ್ಳುವ ಮೊದಲು ಬ್ರೆಜಿಲ್‌ನಿಂದ ತಂದುಕೊಟ್ಟ, ಹೆಬ್ಬೆರಳ ತುದಿಯಷ್ಟು ದಪ್ಪದ ಹಳದಿ ಹರಳು.

ಶಿರಸಿಯ ಅಕ್ಕಸಾಲಿ ಅದನ್ನು ಬೆಳಕಿಗೆ ಹಿಡಿದು, "ಪುಷ್ಯರಾಗ ಅಲ್ಲಮ್ಮ. ಯಾವುದೋ ಬಾಟಲಿ ಚೂರು. ಬೇಕಾದ್ರೆ ಗಣಪತಿ ಹಣೆಗೆ ಅಂಟಿಸು" ಎಂದು ನಕ್ಕ.

ಹರಳನ್ನು ತೆಗೆದುಕೊಂಡು ಅವನ ಮೇಜಿನ ಗಾಜಿನ ಮೇಲೆ ಗೀರಿದೆ. ಗಾಜಿಗೇ ಗೆರೆ ಬಿತ್ತು, ಅಂದರೆ ಇದು ಬಾಟಲಿ ಚೂರಲ್ಲ. ಅವನ ತಕ್ಕಡಿಯಲ್ಲೇ ತೂಗಿದೆ: 12.4 ಗ್ರಾಂ. ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ 8.4. 12.4ನ್ನು ಆ ನಾಲ್ಕು ಗ್ರಾಂ ವ್ಯತ್ಯಾಸದಿಂದ ಭಾಗಿಸಿದರೆ, ನೀರಿಗಿಂತ 3.1 ಪಟ್ಟು ಭಾರ. ಸ್ಫಟಿಕಕ್ಕಿಂತ ಹೆಚ್ಚು, ಪುಷ್ಯರಾಗಕ್ಕಿಂತ ಕಡಿಮೆ.

ಆ ಲೆಕ್ಕ ಹಿಡಿದು ಯಲ್ಲಾಪುರದ ಬಸ್ ಹತ್ತಿದೆ. ಅಲ್ಲಿನ ನಿವೃತ್ತ ಭೂವಿಜ್ಞಾನ ಮೇಷ್ಟ್ರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

"ಯೂಕ್ಲೇಸ್ ಇದ್ದ ಹಾಗಿದೆ. ಸಿಲಿಕೇಟ್ ಖನಿಜ. ಹಳದಿಯದು ತೀರಾ ಅಪರೂಪ. ಇಡಿಯಾಗಿದ್ದರೇ ಬೆಲೆ, ನಿನ್ನ ತಂಗಿಯ ಯಂತ್ರ ಬಂದೀತು. ಆದರೆ ಪೆಟ್ಟು ತಾಗಿದರೆ ಸೀಳಿಹೋಗ್ತದೆ, ಹುಷಾರು. ಗುರುವಾರ ಹರಳು ಸಂಗ್ರಹಿಸುವವರೊಬ್ಬರನ್ನು ನಿಮ್ಮ ಮನೆಗೆ ಕಳಿಸ್ತೇನೆ."

ಅಷ್ಟನ್ನೂ ದಿನಚರಿಯಲ್ಲಿ ಬರೆದುಕೊಂಡೆ. ಮನೆಗೆ ಬಂದು ಅಪ್ಪಯ್ಯನಿಗೆ ಗುರುವಾರ ಕೊಳ್ಳುವವರು ಬರುವ ವಿಷಯ ಮಾತ್ರ ಹೇಳಿದೆ.

ಅಪ್ಪಯ್ಯ ಮೂವತ್ತು ವರ್ಷ ಅಡಿಕೆ ಮಂಡಿಯಲ್ಲಿ ಮಾಲು ನೋಡಿದವರು. ಚೀಲದಿಂದ ನಾಲ್ಕು ಅಡಿಕೆ ಎತ್ತಿ, ಅಡಕತ್ತಿಯಲ್ಲಿ ಒಡೆದು, ಒಳಗನ್ನು ನೋಡಿಯೇ ದರ ಹೇಳುವವರು. ಬುಧವಾರ ಮಧ್ಯಾಹ್ನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಒಳಗೆ 'ಟಕ್' ಎಂದಿತು.

ಓಡಿದೆ. ಅವರ ಕೈಯಲ್ಲಿ ಅಡಕತ್ತಿ. ಚಾಪೆಯ ಮೇಲೆ ಹರಳು ಮೂರು ಹೋಳು, ಕನ್ನಡಿಯಂತೆ ನುಣ್ಣಗೆ ಸೀಳಿತ್ತು.

"ನಾಳೆ ಬಂದವ ಒಳಗೆ ಸರಿ ಇಲ್ಲೆ ಹೇಳಿ ದರ ಇಳಿಸ್ತ ಕೂಸೇ. ಮೊದ್ಲೇ ನೋಡ್ಕಂಬನ ಹೇಳಿ... ಬರೀ ತುದಿ ಹಿಡಿದಿದ್ದೆ."

ಅವರು ಹೋಳುಗಳನ್ನು ಒಂದಕ್ಕೊಂದು ಕೂಡಿಸಿ ಹಿಡಿದರು. ಕೂಡಿಕೊಂಡವು. ಕೈ ಬಿಟ್ಟೊಡನೆ ಬಿದ್ದವು.

ಮೇಷ್ಟ್ರಿಗೆ ಫೋನ್ ಮಾಡಿದೆ. "ಅವರಿಗೆ ಬರಬೇಡಿ ಅಂತ ಹೇಳ್ತೇನೆ" ಎಂದಷ್ಟೇ ಹೇಳಿ ಇಟ್ಟರು.

"ಎಂತ ಹೇಳಿದ?" ಎಂದು ಅಪ್ಪಯ್ಯ ಕೇಳಿದರು. ದಿನಚರಿ ತೆರೆದು ಅವರ ಮುಂದಿಟ್ಟೆ. 'ಸೀಳಿಹೋಗ್ತದೆ' ಎಂಬಲ್ಲಿ ನಾನೇ ಎರಡು ಗೆರೆ ಎಳೆದಿದ್ದೆ. ಅವರು ಓದಿ, "ಬಾಯಲ್ಲಿ ಒಂದು ಮಾತು ಹೇಳಿದ್ರೆ ಆಗ್ತಿತ್ತು" ಎಂದರು.

ಕಿಟಕಿಯ ಬಳಿ ತಂಗಿ ನಮಗೆ ಬೆನ್ನು ಹಾಕಿ ತಲೆ ಬಾಚಿಕೊಳ್ಳುತ್ತಿದ್ದಳು. ಆ 'ಟಕ್' ಸದ್ದಿಗೂ, ನಮ್ಮ ಮಾತಿಗೂ ಅವಳಿನ್ನೂ ತಿರುಗಿರಲಿಲ್ಲ.