ಬೈಗುಳವಿಲ್ಲದ ಮೂರು ದಿನ

ಹದಿನಾರು ಪುಟಗಳ ಮಡಿಕೆಗೆ ಪುಸ್ತಕ ಕಟ್ಟುವವರು ಫಾರಂ ಅನ್ನುತ್ತಾರೆ. ಹೊಲಿಗೆಗೆ ಹೋಗುವ ಮುಂಚೆ ಫಾರಂಗಳೆಲ್ಲ ಸರಿಯಾಗಿ ಕೂತಿವೆಯೇ ಎಂದು ನೋಡುವುದು, ಬೈಂಡಿಂಗ್ ಅಂಗಡಿಯಲ್ಲಿ ಎಲ್ಲರೂ ಪುಟದಕ್ಕ ಎಂದು ಕರೆಯುವವಳ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ತಲೆಕೆಳಗಾದ ಒಂದು ಹಾಳೆಯೂ ಅವಳ ಕೈ ದಾಟಿ ಹೋದದ್ದಿಲ್ಲ. ಪುಟ ಓದುವ ಆ ಕಣ್ಣಿಗೆ ಮುಖ ಓದುವುದು ಮಾತ್ರ ಬರುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ವೈದ್ಯರೊಬ್ಬರು ಅದಕ್ಕೆ ಆಟಿಸಂ ಎಂದು ಹೆಸರಿಟ್ಟಾಗ ಅವಳ ಅಮ್ಮ, "ಹೆಸರೇನೋ ಚೆನ್ನಾಗಿದೆ. ನಾನು ಮಾತ್ರ ಹಳೇ ಹೆಸರಲ್ಲೇ ಕರೀತೀನಿ," ಎಂದು ಎದ್ದು ಬಂದಿದ್ದರು.

ದಿನಾ ಸಂಜೆ ಪುಟದಕ್ಕ ಅಂಗಡಿಯಲ್ಲಿ ಯಾರು ಏನಂದರೆಂದು ಅಕ್ಷರ ಬಿಡದೆ ಒಪ್ಪಿಸುವಳು. ಅಮ್ಮ ಸೊಪ್ಪು ಸೋಸುತ್ತಾ, "ಅದು ತಮಾಷೆ. ಇದು ಹೊಟ್ಟೆಕಿಚ್ಚು. ಅದು ಪ್ರೀತಿ ಕಣೇ, ಪೆದ್ದಿ," ಎಂದು ಬಿಡಿಸಿ ಹೇಳುವರು. ದೇವರು ಮಗಳಿಗೆ ಕೊಡದೆ ಉಳಿಸಿಕೊಂಡದ್ದನ್ನು ಅಮ್ಮನ ಕೈಯಲ್ಲಿ ಕಳಿಸಿದ್ದ.

ಆ ಅಮ್ಮ ತೀರಿಕೊಂಡರು.

ಎರಡು ವಾರ ಬಿಟ್ಟು ಪುಟದಕ್ಕ ಕೆಲಸಕ್ಕೆ ಬಂದಾಗ ಅಂಗಡಿ ಗಪ್‌ಚುಪ್. ರೇಡಿಯೋ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದ ಅಂಟು ಬಳಿಯುವವಳು, ಕಾಗದ ಕತ್ತರಿಸುವವರು, ಅಂದರೆ ಅಂಗಡಿಗೆಲ್ಲ ಅತ್ತಿಗೆ ಮತ್ತು ಮಾವ, ಇಬ್ಬರೂ ಪಿಸುಗುಟ್ಟುತ್ತಿದ್ದರು. ಅವಳತ್ತ ಯಾರೂ ಒಂದು ಮಾತೂ ಎಸೆಯಲಿಲ್ಲ. ಮೂರನೆಯ ದಿನ ಎಂಟನೇ ಫಾರಂ ಅವಳ ಕಣ್ಣು ತಪ್ಪಿಸಿ ಇನ್ನೂರು ಪುಸ್ತಕಗಳಲ್ಲಿ ತಲೆಕೆಳಗಾಗಿಯೇ ಹೊಲಿಗೆಯಾಯಿತು. ಮಾಲೀಕರು ಬಂದು ನೋಡಿ, "ಪರವಾಗಿಲ್ಲ ಬಿಡಮ್ಮ," ಎಂದು ಹೋದರು.

ಅದನ್ನು ಮನೆಯಲ್ಲಿ ಒಪ್ಪಿಸಲು ಯಾರೂ ಇರಲಿಲ್ಲ. ರಾತ್ರಿ ಒಬ್ಬಳೇ ಲೆಕ್ಕ ಹಾಕಿದಳು: ಮಾತಿಲ್ಲ, ಬೈಗುಳವೂ ಇಲ್ಲ; ಅಂದರೆ ನಾನು ಬೇಡ. ಬೆಳಿಗ್ಗೆ, ಹಾಳೆಯ ಮಡಿಕೆ ತೀಡುವ ತನ್ನ ಮೂಳೆಯ ಮಡಿಕೆಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಮಾಲೀಕರ ಮುಂದೆ ನಿಂತಳು.

"ನಾಳೆಯಿಂದ ಬರಲ್ಲ. ನಿಮಗೆಲ್ಲ ನನ್ನ ಮೇಲೆ ಕೋಪ."

ಅತ್ತಿಗೆಯ ಕೈಯಿಂದ ಕುಂಚ ಜಾರಿತು. "ಕೋಪಾನಾ? ಅಯ್ಯೋ, ಅಮ್ಮನ್ನ ಕಳ್ಕೊಂಡವಳ ಮುಂದೆ ಹಲ್ಲು ಕಿರಿಯೋದು ಹೇಗೆ ಅಂತ ಮೂರು ದಿನದಿಂದ ಬಾಯಿ ಹೊಲ್ಕೊಂಡು ಕೂತಿದ್ದೀವಿ ಕಣೇ! ನನಗೆ ದವಡೆ ನೋವು ಬಂತು."

"ಹಾಗಂತ ಹೇಳಬೇಕಿತ್ತು."

"ಸುಮ್ಮನಿದ್ದೀವಿ ಅಂತ ಕೂಗಿ ಹೇಳಬೇಕಿತ್ತಾ?"

"ಹೂಂ. ನನಗೆ ಗೊತ್ತಾಗಲ್ಲ. ಮನೇಲಿ ಹೇಳೋರೂ ಇಲ್ಲ ಈಗ."

ಯಂತ್ರ ನಿಲ್ಲಿಸಿ ಮಾವ ಎದ್ದು ಬಂದರು. ಗಂಟಲು ಸರಿಮಾಡಿಕೊಂಡರು. "ಏನಮ್ಮಾ, ಇನ್ನೂರು ಪುಸ್ತಕಕ್ಕೆ ಶೀರ್ಷಾಸನ ಹಾಕಿಸಿದ್ದೀಯಲ್ಲ, ಕಣ್ಣೇನು ಅಡವಿಟ್ಟಿದ್ಯಾ? ಇದು ಬೈಗುಳ. ಗೊತ್ತಾಯ್ತಾ?"

"ಗೊತ್ತಾಯ್ತು."

"ಶೀರ್ಷಾಸನ ಅಂದದ್ದು ತಮಾಷೆ."

"ಅದು ಅಷ್ಟು ಚೆನ್ನಾಗಿಲ್ಲ, ಮಾವ."

ಅತ್ತಿಗೆ ಬಿದ್ದು ಬಿದ್ದು ನಕ್ಕಳು. ಪುಟದಕ್ಕ ಮಡಿಕೆಪಟ್ಟಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಎಲ್ಲರೂ ಸೇರಿ ಇನ್ನೂರು ಪುಸ್ತಕಗಳ ದಾರ ಬಿಚ್ಚಲು ಕೂತರು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಅಂದಳು, "ಅಮ್ಮನ ವಿಷಯ ಯಾರೂ ಕೇಳಲೇ ಇಲ್ಲ. ಕೇಳಬಹುದು."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ಹೇಗಿದ್ರೇ ನಿಮ್ಮಮ್ಮ?"

"ಯಾವ ವರ್ಷದಲ್ಲಿ?"

"ಎಲ್ಲಾ ವರ್ಷದಲ್ಲೂ."

ಪುಟದಕ್ಕ ತನಗೆ ನೆನಪಿರುವ ಮೊದಲ ವರ್ಷದಿಂದ ಶುರುಮಾಡಿದಳು. ಊಟದ ಹೊತ್ತಿಗೆ ಕತೆಯಲ್ಲಿ ಅವಳಿಗೆ ಆರು ವರ್ಷ ತುಂಬಿತ್ತು. ಅತ್ತಿಗೆಯ ಬಟ್ಟಲಿನ ಅಂಟು ಕಲ್ಲಾಗಿತ್ತು.