ಎಳೆಬಿಸಿಲಿಗೆ ಬಂದವರು

ಗಲ್ಫಿನ ಮುಶೈರಿಬ್ ಬಡಾವಣೆಯಲ್ಲಿರುವ ನಮ್ಮ ಲೇಡೀಸ್ ಸಲೂನಿನಲ್ಲಿ ಒಂದು ಟ್ಯಾನಿಂಗ್ ಯಂತ್ರ ಇದೆ. ಯುರೋಪಿನ ಹೆಂಗಸರು ಅದರೊಳಗೆ ಮಲಗಿ ಮೈಬಣ್ಣ ಕಂದು ಮಾಡಿಸಿಕೊಳ್ಳುತ್ತಾರೆ. ಅದನ್ನು ಕೇಳಿಕೊಂಡು ರಿಸೆಪ್ಷನ್ನಿನಲ್ಲಿ ಕೂರುವ ನನ್ನ ಹತ್ತಿರ ಕನ್ನಡದವರು ಬಂದದ್ದು ಒಮ್ಮೆ ಮಾತ್ರ. ಬೆಂಗಳೂರಿನ ತಾಯಿ, ಜೊತೆಗೆ ಹೈಸ್ಕೂಲಿಗೆ ಹೋಗುವ ಮಗಳು.

"ಇವಳಿಗೆ ವಿಟಮಿನ್ ಡಿ ಕಮ್ಮಿಯಂತೆ ರೀ. ಡಾಕ್ಟರು ಮಾತ್ರೆ ಕೊಟ್ಟು, ಸ್ವಲ್ಪ ಬಿಸಿಲಿಗೂ ಹೋಗು ಅಂದ್ರು. ಈ ಊರಿನ ಬಿಸಿಲಿಗೆ ಹೋದ್ರೆ ಕಪ್ಪಾಗಿಬಿಡ್ತಾಳೆ. ಇದರಲ್ಲೇ ಹತ್ತು ನಿಮಿಷ ಮಲಗಿಸಿಬಿಡಿ."

ನಗು ತಡೆದುಕೊಂಡೆ. "ಮೇಡಂ, ಇದು ಕಪ್ಪು ಮಾಡೋಕಂತಲೇ ಇರೋ ಯಂತ್ರ. ಚರ್ಮ ಸುಡುತ್ತೆ, ಮುಂದೆ ಕ್ಯಾನ್ಸರ್ ಭಯ ಬೇರೆ. ಚಿಕ್ಕ ವಯಸ್ಸಲ್ಲಿ ಶುರು ಮಾಡಿದಷ್ಟೂ ಅಪಾಯ ಜಾಸ್ತಿ. ಹದಿನೆಂಟು ತುಂಬದವರನ್ನ ನಾವು ಒಳಗೇ ಬಿಡಲ್ಲ."

ತಾಯಿ ಪೆಚ್ಚಾದರು. ಮಗಳು ಮೆಲ್ಲಗೆ ಕೇಳಿದಳು: "ಆಂಟಿ, ಅಜ್ಜಿ ಫೋನಲ್ಲಿ ಎಳೆಬಿಸಿಲಲ್ಲಿ ಕೂತ್ಕೋ ಅಂತಾರೆ. ಅದು ಯಾವ್ ಥರ ಸನ್?"

"ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ತಾರಸಿ ಮೇಲೆ ಕೂರ್ತೀವಿ. ಅಮ್ಮ ಹಿಂದೆ ಕೂತು ಕೂದಲ ಸಿಕ್ಕು ಬಿಡಿಸ್ತಿರ್ತಾರೆ. ಬೆನ್ನು ಬೆಚ್ಚಗಾಗಿ ಅಲ್ಲೇ ತೂಕಡಿಕೆ ಬರುತ್ತಲ್ಲ, ಆ ಬಿಸಿಲು" ಅಂದೆ. ತಾಯಿಯ ಕೈ ತಾನಾಗಿ ಮಗಳ ಜಡೆಗೆ ಹೋಯಿತು.

ಅವರು ಹೋದ ಮೇಲೆ ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನಿಂತೆ. ಬೆನ್ನು ಇನ್ನೇನು ಬೆಚ್ಚಗಾಗಬೇಕು, ಮ್ಯಾನೇಜರ್ ಬಂದು ಗದರಿದಳು: "ಯಲ್ಲಾ, ಬೇಗ ಬೇಗ, ಪರದೆ ಎಳಿ! ಬಿಸಿಲು ಬಿದ್ರೆ ಗಿರಾಕಿಗಳು ಬರಲ್ಲ."

ಬಿಸಿಲನ್ನೇ ಮಾರುವ ಅಂಗಡಿ ನಮ್ಮದು. ಪರದೆ ಎಳೆದೆ.